ಆಟೋಮ್ಯಾಟಿಕ್ ಪಿಕಪ್‌ಗೆ ಟ್ರೈಲರ್ ಕಟ್ಟಿ ಘಾಟಿ ಹತ್ತಿಸಿದ್ದು

"ಆಟೋಮ್ಯಾಟಿಕ್‌ಗೆ ಟ್ರೈಲರ್ ಕಟ್ತೀಯಾ ಮಾರಾಯ? ಗೇರ್‌ಬಾಕ್ಸ್ ಸುಟ್ಟು ಕೈಗೆ ಬರ್ತದೆ." ನಮ್ಮ ಕಡೆ ಇದನ್ನು ಹೇಳದವರು ಯಾರೂ ಇರಲಿಲ್ಲ. ಈಗ ಎರಡು ಸೀಸನ್‌ನ ಕಾಫಿ ಅದೇ ಗಾಡಿಯಲ್ಲಿ ಘಾಟಿ ಹತ್ತಿದೆ. ಗೇರ್‌ಬಾಕ್ಸ್ ಬಿಚ್ಚಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ತೋಟ ಇರುವುದು ಜೋಡುಪಾಲದ ಹತ್ತಿರ. ಕ್ಯೂರಿಂಗ್ (ಕಾಫಿಯ ಸಿಪ್ಪೆ ತೆಗೆದು ಬೀಜ ಬೇರೆ ಮಾಡುವುದು) ಕುಶಾಲನಗರದಲ್ಲಿ. ಅಂದರೆ ಮದೆನಾಡು, ಕಾಟಕೇರಿ, ತಾಳತ್ತಮನೆ ದಾಟಿ ಮಡಿಕೇರಿ ತನಕ ಬರೀ ಏರು. ಗಾಡಿ 1.9 ಲೀಟರ್ ಡೀಸೆಲ್, 6 ಗೇರಿನ ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್, ಅಂದರೆ ಇಂಜಿನ್ ಬಲ ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ಹೋಗುವಂಥದ್ದು. ಟ್ರೈಲರ್, ಅದರಲ್ಲಿ ಹದಿನೈದು ಮೂಟೆ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ), ಎಲ್ಲ ಸೇರಿ ಒಂದು ಟನ್‌ಗೆ ಸ್ವಲ್ಪ ಮೇಲೆ. ಟ್ರೈಲರ್‌ಗೆ ಓವರ್‌ರನ್ ಬ್ರೇಕ್ ಇದೆ, ಗಾಡಿ ನಿಧಾನವಾದಾಗ ಟ್ರೈಲರ್ ಮುಂದಕ್ಕೆ ತಳ್ಳುವ ಬಲದಿಂದಲೇ ಅದು ಹಿಡಿಯುತ್ತದೆ. ಅದಿಲ್ಲದೆ ಇಷ್ಟು ತೂಕ ಈ ರಸ್ತೆಗೆ ತರಬೇಡಿ.

ಮೊದಮೊದಲು ಡಿಯಲ್ಲೇ (ಡ್ರೈವ್, ಗೇರ್ ತಾನಾಗಿ ಬದಲಾಗುವುದು) ಬಿಟ್ಟು ಓಡಿಸಿದೆ. ಎಲ್ಲರೂ ಹಾಗೇ ತಾನೆ ಓಡಿಸುವುದು? ರಸ್ತೆ ಸ್ವಲ್ಪ ನೇರ ಸಿಕ್ಕಿದರೆ ಬಾಕ್ಸ್ ಮೂರನೇ ಗೇರಿಗೆ ಹಾರುತ್ತದೆ. ಆರ್‌ಪಿಎಂ 1500ಕ್ಕೆ ಬೀಳುತ್ತದೆ, ಎಳೆಯಲಾಗದೆ ಲಾಕಪ್ (ಇಂಜಿನ್ನನ್ನು ಗೇರ್‌ಬಾಕ್ಸ್‌ಗೆ ನೇರವಾಗಿ ಹಿಡಿಸುವ, ಕನ್ವರ್ಟರ್ ಒಳಗಿನ ಕ್ಲಚ್) ಬಿಡುತ್ತದೆ, ತಿರುವಿನಲ್ಲಿ ಮತ್ತೆ ಎರಡಕ್ಕೆ ಇಳಿಯುತ್ತದೆ. ಮಡಿಕೇರಿ ತನಕ ಇದೇ ಕಥೆ. ಸ್ಕ್ಯಾನರ್ ಹಾಕಿ ನೋಡಿದರೆ ಗೇರ್ ಆಯಿಲ್ 120 ಡಿಗ್ರಿ ದಾಟಿತ್ತು. ಖಾಲಿ ಗಾಡಿಯಲ್ಲಿ ಅದು 85, 90ರಲ್ಲಿ ಇರುತ್ತದೆ. (ಆಯಿಲ್ ಬಿಸಿ ತೋರಿಸುವ ಪಿಐಡಿ, ಅಂದರೆ ಸ್ಕ್ಯಾನರ್ ಕೇಳುವ ಕೋಡ್ ನಂಬರ್, ಮಾಮೂಲಿ ಆ್ಯಪ್‌ನಲ್ಲಿ ಬರುವುದಿಲ್ಲ. ಅದನ್ನು ಹುಡುಕುವುದಕ್ಕೆ ತುಂಬ ರಾತ್ರಿ ನಿದ್ದೆಗೆಟ್ಟಿದ್ದೇನೆ. ಆ ನಂಬರ್ ಮಾತ್ರ ಇಲ್ಲಿ ಹಾಕುವುದಿಲ್ಲ.)

ಒಂದು ಗ್ಯಾರೇಜಿನವರು ಆಯಿಲ್ ಬದಲಾಯಿಸಿದರೆ ಸರಿ ಹೋಗುತ್ತದೆ ಅಂದರು. ಆರು ಲೀಟರ್ ಆಯಿಲ್, ಕೂಲಿ ಸೇರಿ ಒಂಬತ್ತು ಸಾವಿರದ ಹತ್ತಿರ ಹೋಯಿತು. ಬಿಸಿ ಒಂದು ಡಿಗ್ರಿಯೂ ಇಳಿಯಲಿಲ್ಲ. ಆಮೇಲೆ ಬೇರೆ ಕಡೆ ರೇಡಿಯೇಟರ್ ಮುಂದೆ ಎಕ್ಸ್‌ಟ್ರಾ ಕೂಲರ್ ಹಾಕಿಸಿದೆ. ಹೋಸ್, ಬ್ರಾಕೆಟ್ ಎಲ್ಲ ಸೇರಿ ಹದಿನಾಲ್ಕೋ ಹದಿನೈದೋ ಸಾವಿರ. ಆಗ 112ಕ್ಕೆ ಬಂತು. ಅಷ್ಟು ದುಡ್ಡಿಗೆ ಅದು ಸಾಲದು.

ಕೂಲರ್ ಬಿಸಿಯನ್ನು ಹೊರಗೆ ಹಾಕುತ್ತದೆ ಅಷ್ಟೆ. ಬಿಸಿ ಹುಟ್ಟುವುದು ಕನ್ವರ್ಟರ್ ಒಳಗೆ ಆಯಿಲ್ ಕಡೆಯುವಾಗ. ಲಾಕಪ್ ಹಿಡಿದಿದ್ದರೆ ಕಡೆಯುವುದೇ ಇಲ್ಲ. ಹಾಗಾದರೆ ಲಾಕಪ್ ಬಿಡದ ಹಾಗೆ ಓಡಿಸಬೇಕು, ಅಲ್ವಾ?

ಈಗ ಮ್ಯಾನುಯಲ್ ಮೋಡ್‌ಗೆ ಹಾಕಿ ಎರಡನೇ ಗೇರಲ್ಲೇ ಕೂರಿಸುತ್ತೇನೆ. 2200 ಆರ್‌ಪಿಎಂ ಆಸುಪಾಸು, ಸ್ಪೀಡ್ ಮೂವತ್ತೈದು, ನಲವತ್ತು. ನನ್ನ ಗಾಡಿಯಲ್ಲಿ ಎರಡನೇ ಗೇರಲ್ಲೂ ಲಾಕಪ್ ಹಿಡಿಯುತ್ತದೆ. ಗುರುತು ಸುಲಭ. ಆಕ್ಸಿಲರೇಟರ್ ಸ್ವಲ್ಪ ಒತ್ತಿದಾಗ ಸ್ಪೀಡ್ ಏರದೆ ಆರ್‌ಪಿಎಂ ಸೂಜಿ ಮಾತ್ರ ಮೇಲೆ ಹೋದರೆ ಲಾಕ್ ಇಲ್ಲ. ಎರಡೂ ಒಟ್ಟಿಗೆ ಏರಿದರೆ ಹಿಡಿದಿದೆ. ಪೂರ್ತಿ ಒತ್ತಿದರೆ ಬಿಟ್ಟುಬಿಡುತ್ತದೆ, ಹಾಗಾಗಿ ಪೆಡಲ್ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಒತ್ತಬಾರದು. ಎದುರಿನ ಲಾರಿಗೆ ಜಾಗ ಬಿಟ್ಟು ನಿಧಾನವಾದಾಗಲೂ ಮೂರನೇ ಗೇರಿಗೆ ಹಾಕಬೇಡಿ. ಇಂಜಿನ್ ಸದ್ದು ಜಾಸ್ತಿ, ಪಕ್ಕದಲ್ಲಿ ಕೂತವರು "ಗೇರ್ ಏರಿಸು" ಅಂತಾರೆ. ಕೇಳಬೇಡಿ. ಈ ಇಂಜಿನ್ನಿನ ಪೂರ್ತಿ 360 ನ್ಯೂಟನ್ ಮೀಟರ್ ಟಾರ್ಕ್ (ಎಳೆಯುವ ಬಲ) ಸಿಗುವುದೇ 2000ದಿಂದ 2500ರ ಒಳಗೆ.

ಹೀಗೆ ಹತ್ತಿಸಿ ಮಡಿಕೇರಿ ಮುಟ್ಟಿದಾಗ ಆಯಿಲ್ 98 ಇತ್ತು. ಮಾರ್ಚ್ ಬಿಸಿಲಲ್ಲೂ 102 ದಾಟಿಲ್ಲ. ಡೀಸೆಲ್? ಲೀಟರ್‌ಗೆ ಆರೋ ಆರೂವರೆಯೋ ಕಿಲೋಮೀಟರ್, ಡಿಯಲ್ಲಿ ಓಡಿಸಿದಾಗಲೂ ಅಷ್ಟೇ ಇತ್ತು. ಬಾಡಿಗೆ ಗಾಡಿಗೆ ಒಂದು ಲೋಡಿಗೆ ಮೂರು ಸಾವಿರದ ಹತ್ತಿರ ಕೊಡುತ್ತಿದ್ದೆ. ಕೂಲರ್ ದುಡ್ಡು ಮೊದಲ ಸೀಸನ್‌ನಲ್ಲೇ ಬಂತು.

ಮೇಲೆ ಮುಟ್ಟಿದ ತಕ್ಷಣ ಇಂಜಿನ್ ಆಫ್ ಮಾಡುವುದಿಲ್ಲ. ಪಿಯಲ್ಲಿ (ಪಾರ್ಕ್) ಹಾಕಿ 1200, 1500 ಆರ್‌ಪಿಎಂನಲ್ಲಿ ಸ್ವಲ್ಪ ಹೊತ್ತು ಬಿಡುತ್ತೇನೆ. ಲೋಡ್ ಇಲ್ಲ, ಪಂಪ್ ಮಾತ್ರ ಆಯಿಲ್ ತಿರುಗಿಸುತ್ತದೆ, ಬಿಸಿ ಬೇಗ ಇಳಿಯುತ್ತದೆ. ಎಸಿ ಆಫ್ ಮಾಡಿಯೂ ನೋಡಿದೆ. ಎರಡು ಡಿಗ್ರಿ ವ್ಯತ್ಯಾಸ ಬಂತೋ ಇಲ್ಲವೋ, ಸುಮ್ನೆ ಬೆವರಿದ್ದೇ ಬಂತು. ಮೂಟೆ ಜೋಡಿಸುವುದರಲ್ಲಿ ಮಾತ್ರ ತುಂಬ ವ್ಯತ್ಯಾಸ ಇದೆ. ಟ್ರೈಲರ್ ತೂಕದ ಹತ್ತನೇ ಒಂದು ಪಾಲು ಹುಕ್ ಮೇಲೆ ಬರುವ ಹಾಗೆ ಮುಂದಕ್ಕೆ ಜೋಡಿಸಿದರೆ ಬಾಲ ಅಲುಗುವುದು ನಿಂತೇಹೋಯಿತು.

ಇಳಿಯುವಾಗಲೂ ಗೇರ್ ಹಿಡಿದೇ ಇಳಿಯಬೇಕು. ಸ್ಪ್ರಿಂಕ್ಲರ್ ಪಂಪ್‌ಸೆಟ್ ಹೇರಿಕೊಂಡು ಮಡಿಕೇರಿಯಿಂದ ತೋಟಕ್ಕೆ ಇಳಿಯುವಾಗ ತಾಳತ್ತಮನೆಗೆ ಮುಂಚೆಯೇ ಎರಡಕ್ಕೆ ಹಾಕುತ್ತೇನೆ. ಸ್ಪೀಡ್ ಏರಿದ ಮೇಲೆ ಕೇಳಿದರೆ ಬಾಕ್ಸ್ ಕೊಡುವುದಿಲ್ಲ. ಕುಶಾಲನಗರಕ್ಕೆ ಹೋಗುವಾಗ ಸಿಗುವ ಆನೆಕಾಡಿನ ಇಳಿಜಾರಿಗೆ ಮೂರನೇ ಗೇರ್ ಸಾಕು.

ಈ ಸಲ ಸೀಸನ್ ಮುಗಿದ ಮೇಲೆ ಆಯಿಲ್ ತೆಗೆಸಿದೆ. ಇನ್ನೂ ಕೆಂಪಿತ್ತು, ಸುಟ್ಟ ವಾಸನೆ ಇಲ್ಲ. ಡಿಯಲ್ಲಿ ಓಡಿಸಿ ತೆಗೆಸಿದ್ದು ಕಂದು ಬಣ್ಣಕ್ಕೆ ತಿರುಗಿತ್ತು. ಆದರೂ ಮೂವತ್ತು ಸಾವಿರ ಕಿಲೋಮೀಟರ್‌ಗೊಮ್ಮೆ ಬದಲಾಯಿಸುತ್ತೇನೆ. ಬಾಕ್ಸ್ ಕೈಕೊಟ್ಟರೆ ಎರಡು ಲಕ್ಷದ ಮೇಲೆ ಅಂತ ಹೇಳಿದ್ದಾರೆ. ಕೂಲರ್‌ನ ಹೋಸ್ ಯಾವ ಕಡೆಯಿಂದ ತಿರುಗಿಸಿ ತಂದೆ ಅನ್ನುವುದು ತೋಟಕ್ಕೆ ಬಂದು ಬಾನೆಟ್ ಎತ್ತಿ ನೋಡುವವರಿಗೆ ಮಾತ್ರ.