ಪ್ರಾದೇಶಿಕ ಕೌನ್ಸಿಲ್ ಜವಾಬ್ದಾರಿ ಹೊಸದಾಗಿ ಬಂದೈತಾ? ಮೊದಲ ವರ್ಷ ಹೆಂಗ ನಡೆಸ್ಬೇಕು, ನಾನು ಕಲಿತದ್ದು

2024ರ ಜೂನ್‌ನಾಗ ನಮ್ಮ ಭಾಗದ ಕ್ರೈಸ್ತ ಸಭೆಗಳ (ಚರ್ಚುಗಳ) ಪ್ರಾದೇಶಿಕ ಕೌನ್ಸಿಲ್‌ಗೆ ನನ್ನನ್ನ ಕಾರ್ಯದರ್ಶಿ ಅಂತ ಆರಿಸಿದ್ರು. ಅಲ್ಲೀತನಕ ನಾನು ಗಂಗಾವತಿ ಕಡೆ ಒಂದೇ ಒಂದು ಸಭೆ ನೋಡ್ಕೊಂಡಿದ್ದ ಪಾಸ್ಟರು, ಒಮ್ಮೆಲೇ ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಜಿಲ್ಲೆ ಸಭೆಗಳ ಲೆಕ್ಕ, ಜಗಳ, ಕಾಗದ, ಪಾಸ್ಟರ್‌ಗಳ ಕಷ್ಟಸುಖ ಎಲ್ಲಾ ಮನಿ ಬಾಗಿಲಿಗೆ ಬಂತು. ಈಗ ಹೊಸದಾಗಿ ಇಂಥಾ ಜವಾಬ್ದಾರಿ ತಗೊಂಡ ಮೂರ್ನಾಕು ಮಂದಿ ಫೋನ್ ಮಾಡಿ "ಬ್ರದರ್, ಎಲ್ಲಿಂದ ಶುರು ಮಾಡ್ಲಿ" ಅಂತ ಕೇಳ್ಯಾರ. ಅವ್ರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೀತೀನಿ. ಆಫೀಸ್‌ನಿಂದ ಶುರು ಮಾಡಬ್ಯಾಡ್ರಿ. ನಿಮ್ಮ ಪಟ್ಟಿಯೊಳಗ ಕಟ್ಟಕಡೇ ಹೆಸರು ಯಾವುದೈತಿ ನೋಡ್ರಿ, ದಿನಕ್ಕ ಎರಡೇ ಸಲ ಬಸ್ ಹೋಗೋ ಊರಿನ ಸಭೆ, ಅಲ್ಲಿಂದ ಶುರು ಮಾಡ್ರಿ.

ಆದ್ರ ಹೊರಡೋಕಿಂತ ಮೊದ್ಲು ಒಂದು ಕೆಲಸ ಮುಗಿಸಿಬಿಡ್ರಿ, ಚಾರ್ಜ್ ತಗೊಳ್ಳೋದು. ಹಿಂದಿನವ್ರು ಎಷ್ಟೇ ಒಳ್ಳೇವ್ರಿರ್ಲಿ, ನಿಮ್ಮ ಗುರುಗಳೇ ಇರ್ಲಿ, ಮಿನಿಟ್ಸ್ ಬುಕ್, ಕ್ಯಾಶ್ ಬುಕ್, ಪಾಸ್‌ಬುಕ್, ಬೀರು ಕೀಲಿ, ಆಸ್ತಿ ಕಾಗದ ಒಂದೊಂದೂ ಎಣಿಸಿ ಪಟ್ಟಿ ಮಾಡಿ ಇಬ್ಬರೂ ಸೈನ್ ಹಾಕ್ರಿ. ಇದು ಅನುಮಾನ ಅಲ್ಲ, ನಾಳೆ ಅವ್ರ ಹೆಸರು ಯಾರೂ ಎತ್ತಬಾರದು ಅಂತ ಮಾಡೋ ಉಪಕಾರ. ಇನ್ನ ಬ್ಯಾಂಕಿನಾಗ ಸಹಿ ಬದಲಿ ಮಾಡೋ ಠರಾವು, ಅದನ್ನ ಮೊದಲ್ನೇ ಮೀಟಿಂಗ್‌ನಾಗೇ ಬರೆಸ್ರಿ, ಯಾವ ಖಾತೆ, ಯಾರ್ಯಾರು ಜಂಟಿ ಸಹಿ, ಹಳೇ ಸಹಿ ಯಾವತ್ತಿಂದ ರದ್ದು, ಎಲ್ಲಾ ಒಂದೇ ಠರಾವಿನಾಗ ಇರ್ಬೇಕು. ನಾನು "ಹೊಸ ಪದಾಧಿಕಾರಿಗಳು ಖಾತೆ ನೋಡ್ಕೋತಾರ" ಅಂತ ಅಷ್ಟೇ ಬರೆಸಿದ್ದೆ, ಬ್ಯಾಂಕಿನವ್ರು ಖಾತೆ ನಂಬರ್ ಇಲ್ಲ ಅಂತ ವಾಪಸ್ ಕಳಿಸಿದ್ರು, ಮತ್ತ ಮೀಟಿಂಗ್ ಕರೀಬೇಕು, ಮತ್ತ ಕೋರಂ (ಬೇಕಾದಷ್ಟು ಮಂದಿ ಹಾಜರಿ) ಆಗ್ಬೇಕು, ಹಿಂಗ ಎರಡು ತಿಂಗಳು ನಾಕು ಮಂದಿ ಪಾಸ್ಟರ್‌ಗಳ ಸಂಬಳ ನಿಂತ್ತು. ಜೂನ್, ಜುಲೈ. ಮಕ್ಕಳ ಸ್ಕೂಲ್ ಫೀಸ್ ಕಟ್ಟೋ ತಿಂಗಳು. ಒಬ್ಬ ಪಾಸ್ಟರ್ ಹೆಂಡ್ತಿ ಕಿವಿ ಓಲೆ ಅಡ ಇಟ್ಟಿದ್ದು ನನಗ ದೀಪಾವಳಿ ಮುಂದ ಗೊತ್ತಾತು, ಅದೂ ಅವ್ರು ಹೇಳಿದ್ದಲ್ಲ. ಇವತ್ತಿಗೂ ಆ ವಿಷಯ ನೆನಸಿದ್ರ ಕುಂತಲ್ಲಿ ಕೂರಾಕಾಗಲ್ಲ. ಅದಕ್ಕೇ ಹೇಳ್ತೀನಿ, ಒಂದು ಸಾಲು ಸರಿ ಬರೆಸ್ರಿ.

ಈಗ ಹೊರಡ್ರಿ. ಮೊದಲ ಮೂರು ತಿಂಗಳು ಭೇಟಿ ಬಿಟ್ರ ಬ್ಯಾರೆ ಕಾರ್ಯಕ್ರಮ ಇಟ್ಕೋಬ್ಯಾಡ್ರಿ, ಯೋಜನೆ ಗೀಜನೆ ಘೋಷಣೆ ಮಾಡಬ್ಯಾಡ್ರಿ. ನಾನು ಮೊದ್ಲು ಹೋಗಿದ್ದು ದೇವದುರ್ಗ ತಾಲೂಕಿನ ಒಂದು ಸಣ್ಣ ಊರಿಗೆ, 14 ಮನಿ ಸಭೆ, ತಗಡಿನ ಮಾಡು, ಗೋಡೆಗೆ ಸುಣ್ಣ. ಆರಾಧನೆ ಮುಗಿದ ಮ್ಯಾಲ ಕಾಣಿಕೆ ತಟ್ಟೆ ಬದ್ಲಿ ಒಂದು ಮೊರ ತಿರುಗಿತು, ಹೆಣ್ಮಕ್ಕಳು ಸೆರಗಿನ ಗಂಟು ಬಿಚ್ಚಿ ಒಂದೊಂದು ಹಿಡಿ ಜ್ವಾಳ ಹಾಕಿದ್ರು. ವಾರಪೂರ್ತಿ ರೊಟ್ಟಿ ಹಿಟ್ಟಿಗೆ ಜ್ವಾಳ ತಗೀವಾಗ ದೇವ್ರಿಗೆ ಅಂತ ತೆಗೆದಿಟ್ಟದ್ದು ಅದು. ಆಮ್ಯಾಲ ಸಭಾ ಹಿರಿಯರು ಟ್ರಂಕ್ ತೆಗೆದು ದೀಕ್ಷಾಸ್ನಾನದ (ಬ್ಯಾಪ್ಟಿಸಂ) ರಿಜಿಸ್ಟರ್ ತೋರಿಸಿದ್ರು, ಗೆದ್ದಲು ಒಂದು ಮೂಲಿ ತಿಂದಿತ್ತು, ಇಸವಿ ಉಳ್ದಿತ್ತು ಹೆಸ್ರು ಹೋಗಿತ್ತು. ಊಟಕ್ಕ ಕೂತಾಗ ಒಬ್ಬ ಅಜ್ಜಿ ಅಂದ್ಳು, "ಅಯ್ಯನೋರ, ಮ್ಯಾಲಿನವ್ರು ಬಂದ್ರು ಅಂದ್ರ ಅಸೆಸ್‌ಮೆಂಟ್ ಕೇಳಾಕ ಬಂದಾರ ಅಂತ ತಿಳ್ಕೊಂಡ್ವಿ, ನೀವು ಏನೂ ಕೇಳಲೇ ಇಲ್ಲಲ್ಲ." ಅಸೆಸ್‌ಮೆಂಟ್ ಅಂದ್ರ ಪ್ರತಿ ಸಭೆ ಕೌನ್ಸಿಲ್‌ಗೆ ಕಟ್ಟೋ ಪಾಲಿನ ರೊಕ್ಕ. ನನ್ನ ಬ್ಯಾಗಿನಾಗ ಅದರ ಬಾಕಿ ಪಟ್ಟಿ ಇತ್ತು. ಕೇಳಬೇಕಂತಲೇ ತಂದಿದ್ದೆ. ಹೊರಗ ತೆಗೀಲಿಲ್ಲ.

ಅವತ್ತಿಂದ ಇದನ್ನ ನಿಯಮ ಮಾಡ್ಕೊಂಡೀನಿ: ಮೊದಲ ಭೇಟಿಯೊಳಗ ದುಡ್ಡಿನ ಮಾತು ಇಲ್ಲ. ಅವ್ರು ಆರಾಧನೆ ಮಾಡೋ ದಿನ, ಅವ್ರ ಟೈಮ್‌ಗೆ ಹೋಗ್ರಿ, ಬಹಳ ಸಭೆ ರಾತ್ರಿ ಎಂಟಕ್ಕ ಕೂಡ್ತಾವು ಯಾಕಂದ್ರ ಹೊಲದಿಂದ ಬಂದು ಮೈ ತೊಳ್ಕೊಂಡು ಬರ್ಬೇಕು. ಪ್ರಸಂಗ ಅಲ್ಲಿನ ಪಾಸ್ಟರ್ ಮಾಡ್ಲಿ, ನೀವು ಚಾಪಿ ಮ್ಯಾಲ ಕೂತು ಕೇಳ್ರಿ. ಹಾರ ಶಾಲು ಬ್ಯಾಡ ಅಂತ ಮೊದ್ಲೇ ಫೋನ್ ಮಾಡಿ ಹೇಳ್ರಿ, ಒಂದು ಶಾಲಿನ ರೊಕ್ಕ ಅಂದ್ರ ಒಬ್ಬರ ಒಂದು ದಿನದ ಕೂಲಿ. ಸಾಧ್ಯ ಆದ್ರ ರಾತ್ರಿ ಅಲ್ಲೇ ಉಳ್ಕೊಳ್ರಿ, ಮೀಟಿಂಗ್‌ನಾಗ ಬಾಯಿ ಬಿಡದವ್ರು ರಾತ್ರಿ ಕಟ್ಟಿ ಮ್ಯಾಲ ಕೂತಾಗ ಎಲ್ಲಾ ಹೇಳ್ತಾರ.

ಕ್ಯಾಲೆಂಡರ್ ವಿಷಯಕ್ಕ ಬರ್ತೀನಿ, ಇದರಾಗ ನಮ್ಮ ಕಡೆ ಬಹಳ ಮಂದಿ ಎಡವ್ತಾರ. ಬೆಂಗಳೂರಿನಾಗ ಕೂತು ಮಾಡಿದ ಕ್ಯಾಲೆಂಡರ್ ಇಲ್ಲಿ ನಡ್ಯಂಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ನೀರು ಹರಿಯೋ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಕಡೆ ಭತ್ತದ ನಾಟಿ ಶುರು ಆತಂದ್ರ ಸ್ತ್ರೀಯರ ಕೂಟ ಇಟ್ರ ಖಾಲಿ ಚಾಪಿಗೆ ಪ್ರಾರ್ಥನೆ ಮಾಡ್ಬೇಕಾಗ್ತೈತಿ, ನವೆಂಬರ್ ಡಿಸೆಂಬರ್ ಕೊಯ್ಲಿನಾಗ ಸಭಾ ಹಿರಿಯರೂ ಸಿಗಲ್ಲ. ಸುಗ್ಗಿ ಹಬ್ಬ ಆ ಕಡೆ ಭತ್ತ ಮನಿಗೆ ಬಂದ ಮ್ಯಾಲೇ ಇಡ್ರಿ. ಅದೇ ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು, ದೇವದುರ್ಗದ ಖುಷ್ಕಿ ಊರುಗಳ ಲೆಕ್ಕಾನೇ ಬ್ಯಾರೆ, ಮಳಿ ಬೆಳಿ ಕೈಗೆ ಬಂದ್ರ ಬಂತು ಇಲ್ಲಂದ್ರ ಇಲ್ಲ, ದೀಪಾವಳಿ ಆದ ಮ್ಯಾಲ ಗಂಟುಮೂಟೆ ಕಟ್ಕೊಂಡು ಬೆಂಗಳೂರಿಗೆ ಗುಳೆ ಹೊಂಟುಬಿಡ್ತಾರ, ಮನಿಯಾಗ ಮುದುಕರು, ಸಣ್ಣ ಹುಡುಗ್ರು ಅಷ್ಟೇ. ಅಂಥಾ ಸಭೆಗೆ ಜನವರಿಯಾಗ ಹೋಗಿ "ಹಾಜರಿ ಕಡಿಮಿ ಐತಿ" ಅಂತ ರಿಪೋರ್ಟ್ ಬರದ್ರ ಅದು ಅನ್ಯಾಯ. ಗುಳೆ ಹೋದವ್ರು ಯಾವ ಹಬ್ಬಕ್ಕ ಊರಿಗೆ ಬರ್ತಾರ ಅಂತ ಪ್ರತಿ ಸಭೆ ಕೇಳಿ ಬರ್ಕೊಳ್ರಿ, ಒಂದೂರಾಗ ಕ್ರಿಸ್ಮಸ್‌ಗೆ ಬರ್ತಾರ, ಇನ್ನೊಂದೂರಾಗ ಗುಡ್ ಫ್ರೈಡೇ ಈಸ್ಟರ್‌ಗೆ, ದೀಕ್ಷಾಸ್ನಾನ, ಕರ್ತನ ಭೋಜನ, ಮದುವಿ ಪ್ರಕಟಣೆ ಎಲ್ಲಾ ಅದಕ್ಕ ಹೊಂದಿಸ್ರಿ. 2025ರಾಗ ಈಸ್ಟರ್ ಏಪ್ರಿಲ್ 20ಕ್ಕ ಬಂದಿತ್ತು, ನಮ್ಮ ರಾಯಚೂರು ಬಿಸಿಲು ನಿಮಗ ಗೊತ್ತಲ್ಲ, ಸೂರ್ಯ ಹುಟ್ಟೋ ಮೊದ್ಲೇ ಆರಾಧನೆ ಶುರು ಮಾಡಿ ಎಂಟರೊಳಗ ಮುಗ್ಸಿದ್ವಿ.

ಹಾಂ, ನೀರಿನ ಮಾತು ಬಂತಲ್ಲ, ಒಂದು ಸಂಗತಿ ಹೇಳ್ಬೇಕು. ನಾನು ಜವಾಬ್ದಾರಿ ತಗೊಂಡು ಎರಡೇ ತಿಂಗಳು, ಆಗಸ್ಟ್ 10ರ ಶನಿವಾರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ಕಡಿದು ಕೊಚ್ಚಿ ಹೋತು. ಭಾನುವಾರ ಬೆಳಿಗ್ಗೆ ಕಾರಟಗಿ ಕಡೆ ಒಂದು ಸಭೆಯಾಗ ಆರಾಧನೆ, ಅದಾದ ಮ್ಯಾಲ ಆ ಸುತ್ತಿನ ಸಭೆಗಳ ಬಜೆಟ್ ಮೀಟಿಂಗ್. ನಾನು ಅಜೆಂಡಾ ಪ್ರಿಂಟ್ ಹಾಕ್ಸಿ ತಂದಿದ್ದೆ. ಮುಂದ ಕುಂತ ಹಿರಿಯರೆಲ್ಲಾ ತೊಡಿ ಮ್ಯಾಲ ಫೋನ್ ಇಟ್ಕೊಂಡು ಆ ಹರಿಯೋ ನೀರಿನ ವಿಡಿಯೋ ನೋಡಾಕತ್ತಿದ್ರು, ಒಬ್ಬರು ಹತ್ತು ದಿನದ ಹಿಂದ ನಾಟಿ ಮಾಡ್ಸಿದ್ರು, ಬಡ್ಡಿ ಸಾಲದಾಗ, ಅವ್ರ ಬೆರಳು ಫೋನ್ ಮ್ಯಾಲ ನಡುಗ್ತಿತ್ತು. ನಾನು ಒಂದನೇ ಐಟಂ ಓದಿದೆ. ಯಾರೂ ತಲಿ ಎತ್ಲಿಲ್ಲ. ಪೇಪರ್ ಮಡಚಿ ಬೈಬಲ್‌ನಾಗಿಟ್ಟು ಎಲ್ಲರೂ ಮೊಣಕಾಲೂರಿದ್ವಿ, ಒಬ್ಬೊಬ್ಬರೂ ತಮ್ಮ ಹೊಲದ ಹೆಸರು ಹೇಳಿ ಪ್ರಾರ್ಥನೆ ಮಾಡಿದ್ರು, ಮಧ್ಯಾಹ್ನ ಆತು. ಆ ವಾರದ ಕೊನಿಗೆ ಎಂಜಿನಿಯರ್‌ಗಳು, ಕೆಲಸದವ್ರು ಜೀವ ಕೈಯಾಗ ಹಿಡ್ಕೊಂಡು ಆ ಹರಿಯೋ ನೀರಿನಾಗೇ ಸ್ಟಾಪ್‌ಲಾಗ್ (ತಾತ್ಕಾಲಿಕ ಉಕ್ಕಿನ ಅಡ್ಡಗೇಟು) ಇಳಿಸಿ ನೀರು ನಿಲ್ಲಿಸಿದ್ರು, ಬೆಳೆ ಉಳೀತು. ಬಜೆಟ್ ಮೀಟಿಂಗ್ ಸೆಪ್ಟೆಂಬರ್‌ನಾಗ ಆತು, ಅರ್ಧ ತಾಸಿನಾಗ ಮುಗೀತು. ಅಜೆಂಡಾ ತಯಾರಿ ಇಟ್ಕೊಳ್ರಿ, ಆದ್ರ ಮಂದಿ ಮುಖ ನೋಡಿ ತೆಗೀರಿ.

ಭಾಷಾ ವಿಷಯ. ನಮ್ಮ ಕಡೆ ಕ್ಯಾಂಪುಗಳಾಗ, ಅಂದ್ರ ಕಾಲುವೆ ನೀರು ಬಂದ ಮ್ಯಾಲ ಆಂಧ್ರದಿಂದ ಬಂದ ರೈತರು ಕಟ್ಕೊಂಡ ಊರುಗಳಾಗ, ತೆಲುಗು ಮಾತಾಡೋ ಸಭೆ ಬಹಳ, ಸಿರುಗುಪ್ಪ ಕಡೆನೂ ಅಷ್ಟೇ, ಇನ್ನ ತೋರಣಗಲ್ಲು ಸ್ಟೀಲ್ ಪ್ಲಾಂಟ್ ಕಡೆ ಹೋದ್ರ ಮಲಯಾಳಂ, ತಮಿಳು, ಹಿಂದಿ ಎಲ್ಲಾ ಕಿವಿಗೆ ಬೀಳ್ತೈತಿ. ನಾನು ಮೊದಲ ಆರು ತಿಂಗಳು ಸುತ್ತೋಲೆ ಬರೀ ಕನ್ನಡದಾಗ ಕಳಿಸ್ದೆ, ಅದೂ ಆಫೀಸ್ ಕನ್ನಡ. ಒಂದು ಕ್ಯಾಂಪಿನ ವಿಧವೆಯರಿಗೆ ಕೌನ್ಸಿಲ್‌ನ ಸಹಾಯಧನ ಅರ್ಜಿ ಕೊನೇ ದಿನ ಮುಗಿದ ಮ್ಯಾಲ ಗೊತ್ತಾತು. ಅಪೊಸ್ತಲರ ಕೃತ್ಯಗಳು ಆರನೇ ಅಧ್ಯಾಯ ಎಷ್ಟು ಸಲ ಪ್ರಸಂಗ ಮಾಡೀನಿ, ಗ್ರೀಕ್ ಮಾತಾಡೋರ ವಿಧವೆಯರನ್ನ ದಿನದ ಹಂಚಿಕೆಯಾಗ ಕಡೆಗಣಿಸಿದ್ರು ಅಂತ ಗೊಣಗಾಟ ಹುಟ್ಟಿದ್ದು, ಅದು ನನ್ನ ಕೈಯಾಗೇ ನಡೀತು. ಕೊನೇ ದಿನ ಹದಿನೈದು ದಿನ ಮುಂದಕ್ಕ ಹಾಕಿ ನಾನೇ ಹೋಗಿ ಅರ್ಜಿ ಬರ್ಕೊಂಡು ಬಂದೆ. ಈಗ ಪ್ರತಿ ಸುತ್ತೋಲೆ ಜೊತಿ ವಾಟ್ಸಾಪ್‌ನಾಗ ಎರಡು ವಾಯ್ಸ್ ಮೆಸೇಜ್, ಒಂದು ಆಡುಗನ್ನಡ, ಒಂದು ತೆಲುಗು, ಎರಡು ನಿಮಿಷ ಮೀರಂಗಿಲ್ಲ. ಓದಾಕ ಬರದ ಹಿರಿಯರು ಅದನ್ನ ಸಭೆಯಾಗ ಮೈಕ್‌ಗೆ ಹಿಡೀತಾರ. ಇದನ್ನ ಮೊದಲ ದಿನದಿಂದ್ಲೇ ಮಾಡ್ರಿ.

ಕೌನ್ಸಿಲ್ ಮೀಟಿಂಗ್‌ನಾಗ ಒಂದು ಸಣ್ಣ ಬದಲಾವಣೆ ಮಾಡ್ದೆ, ಬಹಳ ಕೆಲಸಕ್ಕ ಬಂತು. ಮೊದ್ಲಿಂದ ರಿಪೋರ್ಟ್ ಓದೋದು ಹಳೇ ದೊಡ್ಡ ಸಭೆಯಿಂದ. ಬಳ್ಳಾರಿ ಕಡೆ ಇತಿಹಾಸ ದೊಡ್ಡದು, ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ 1810ರಾಗ ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲ್ ತರ್ಜುಮೆಗೆ ಕೂತವ್ರು, ಆ ಗೌರವ ಇರ್ಲಿ. ಆದ್ರ ಸಣ್ಣ ಸಭೆ ಪಾಳಿ ಬರೋಷ್ಟೊತ್ತಿಗೆ ಊಟದ ಗಂಟೆ ಆಗಿ "ಬರದು ಕೊಟ್ಬಿಡ್ರಿ" ಅಂತಿದ್ರು. ನಾನು ಪಟ್ಟಿ ತಿರುವಿ ಹಾಕ್ದೆ, ದೇವದುರ್ಗದ 14 ಮನಿ ಸಭೆ ಮೊದ್ಲು. ಒಬ್ಬಿಬ್ಬರು ಮುಖ ಗಂಟು ಹಾಕಿದ್ರು, ಎರಡ್ನೇ ಮೀಟಿಂಗ್‌ಗೆ ಸರಿಹೋತು.

ಜಗಳ ಬಂದೇ ಬರ್ತಾವು. ಹಾಡು ಯಾರು ಹಾಡ್ಬೇಕು ಅನ್ನೋದ್ರಿಂದ ಹಿಡ್ದು ಜಾಗದ ತನಕ. ಮೊದಲ ಸಲ ಕೇಳಿದ ದಿನ ತೀರ್ಪು ಹೇಳಬ್ಯಾಡ್ರಿ, ಎರಡೂ ಕಡೆ ಮನಿಗೆ ಹೋಗ್ರಿ, ಒಬ್ಬರ ಮನಿಯಾಗ ಚಹಾ ಕುಡದ್ರ ಇನ್ನೊಬ್ಬರ ಮನಿಯಾಗೂ ಕುಡೀಬೇಕು, ಊಟ ಮಾತ್ರ ಇಬ್ಬರ ಮನಿಯಾಗೂ ಬ್ಯಾಡ. ರಾಜಿ ಆದ್ರ ಅಲ್ಲೇ ಬರದು, ಓದಿ ಹೇಳಿ, ಅವತ್ತೇ ಸಹಿ ಮಾಡ್ಸ್ರಿ.

ಕಾಗದದ ಕೆಲಸದಾಗ ಸ್ಮಶಾನದ ವಿಷಯ ಎಲ್ಲಕ್ಕಿಂತ ಮೊದ್ಲು ನೋಡ್ರಿ, ಯಾಕಂದ್ರ ಅದು ನೆನಪಾಗೋದು ಹೆಣ ಮನಿ ಮುಂದಿದ್ದಾಗ. ಮಾನ್ವಿ ತಾಲೂಕಿನ ಒಂದು ಸಭೆಯಾಗ ಮಳೆಗಾಲದಾಗ ಒಬ್ಬ ತಾಯಿ ತೀರ್ಕೊಂಡ್ಳು, ಸ್ಮಶಾನಕ್ಕ ಹೋಗೋ ದಾರಿ ಗದ್ದಿಯಾಗಿತ್ತು, ಮೊಣಕಾಲುದ್ದ ಕೆಸರಿನಾಗ ಪೆಟ್ಟಿಗಿ ಹೊತ್ವಿ, ನನ್ನ ಹೆಗಲೂ ಕೊಟ್ಟಿದ್ದೆ, ಮುಂದಿನವ್ರು ಕಾಲು ಜಾರಿದಾಗ ಪೆಟ್ಟಿಗಿ ಒಂದು ಕಡೆ ವಾಲಿ ಆಕಿ ಮಗ ಎರಡೂ ಕೈಲೆ ತಬ್ಕೊಂಡು ನಿಲ್ಲಿಸಿದ. ಆಮ್ಯಾಲ ಪಹಣಿ ತೆಗೆಸಿದ್ರ ಜಾಗ ಸರ್ಕಾರಿ, ಆದ್ರ ಸ್ಮಶಾನ ಅಂತ ಎಲ್ಲೂ ನಮೂದಾಗಿಲ್ಲ. ಹಂಗಾಗಿ ಪ್ರತಿ ಊರಿನ ಸರ್ವೆ ನಂಬರ್ ತಗೊಂಡು ಪಹಣಿ ತೆಗಿಸ್ರಿ, 9ನೇ ಕಾಲಂನಾಗ ಯಾರ ಹೆಸ್ರೈತಿ, 11ನೇ ಕಾಲಂನಾಗ ಏನು ಬರ್ದೈತಿ ನೋಡ್ರಿ, ಸ್ಮಶಾನ ಅಂತ ನಮೂದಿಲ್ಲಂದ್ರ ಸಭೆ ಠರಾವು, ನಕ್ಷೆ, ಊರಿನವ್ರ ಸಹಿ ಹಾಕಿ ತಹಶೀಲ್ದಾರ್‌ಗೆ ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ರಿ. ದಾರಿಗೆ ಬಾಜೂ ಹೊಲದವ್ರ ಹತ್ರ ಅರ್ಜಿಗಿಂತ ಮೊದ್ಲು ಮನಿಗೆ ಹೋಗಿ ಮಾತಾಡ್ರಿ, ಮಾನ್ವಿ ಕಡೆ ಆ ಗದ್ದಿ ಮಾಲೀಕರು ನಮ್ಮವ್ರಲ್ಲ, ಆದ್ರೂ ಕೆಸರಿನ ಕಥಿ ಕೇಳಿ ಬದು ಅಗಲ ಮಾಡಿ ಕೊಟ್ರು.

ಮದುವಿ ರಿಜಿಸ್ಟರ್ ಬಗ್ಗೆನೂ ಒಂದು ಮಾತು. 1872ರ ಕ್ರೈಸ್ತ ವಿವಾಹ ಕಾಯ್ದೆ ಪ್ರಕಾರ ಬರೆಯೋ ರಿಜಿಸ್ಟರ್ ಅದು, ಗಂಡಿಗೆ 21 ಹೆಣ್ಣಿಗೆ 18 ತುಂಬಿದ ಪುರಾವೆ ನೋಡ್ದೆ ಯಾವ ಪಾಸ್ಟರೂ ಪೆನ್ ಹಿಡೀಬಾರ್ದು, ಹುಡ್ಗಿ ಅಪ್ಪ ಅತ್ರೂ ಸೈ. ಗೆದ್ದಲು ತಿಂದ ಹಳೇ ಪುಟಗಳನ್ನ ಫೋನ್‌ನಾಗ ಬೆಳಕಿಗೆ ಹಿಡ್ದು ಫೋಟೋ ತೆಗೀರಿ, ಒಂದು ಪೆನ್‌ಡ್ರೈವ್ ಆಫೀಸ್‌ನಾಗ, ಒಂದು ಸಭೆಯಾಗ. ದೇವದುರ್ಗದ ಆ ದೀಕ್ಷಾಸ್ನಾನದ ರಿಜಿಸ್ಟರ್‌ನಾಗ ಹೋದ ಹೆಸರುಗಳನ್ನ ಮೇ ತಿಂಗಳಾಗ ಹೋಗಿ ಹಿರಿಯರ ಜೊತಿ ಕೂತು ಬರದ್ವಿ, ಗುಳೆಯಿಂದ ಎಲ್ಲಾರೂ ಬಂದಿದ್ರು. ಅದೇ ಅಜ್ಜಿ ಇಸವಿ ಕೇಳಿ, ಆ ವರ್ಷ ಯಾವ ಮಳಿ ಹೆಂಗಿತ್ತು, ಯಾರ ಮನಿಯಾಗ ತೊಟ್ಲು ಕಟ್ಟಿದ್ರು ಅಂತ ನೆನಪು ಮಾಡ್ಕೊಂಡು ಒಂದೊಂದೇ ಹೆಸರು ಹೇಳಿದ್ಳು. ಹನ್ನೊಂದು ಹೆಸರು ಸಿಕ್ಕಾವು, ಮೂರು ಇನ್ನೂ ಖಾಲಿ ಅದಾವ.