ಪಕ್ಕದ ಮನೆ ತಾರಸಿಗೆ ಟವರ್ ಬಂದಾಗ ನಾವು ಮಾಡಿದ್ದು

ಟವರ್ ಬೇಡ ಅಂತ ಸಹಿ ಹಾಕಿಸುವುದು ಬಹಳ ಸುಲಭ. ಭಾನುವಾರ ತಿಂಡಿ ಮುಗಿಸಿ ಹಾಳೆ ಹಿಡಿದು ಹೊರಟರೆ ಊಟದ ಹೊತ್ತಿಗೆ ಬೀದಿ ಪೂರ್ತಿ ಸಹಿ ಬಿದ್ದಿರುತ್ತದೆ. ಆ ಹಾಳೆಯನ್ನು ಯಾರಿಗೆ ಕೊಡಬೇಕು, ಕೊಟ್ಟು ಏನು ಕೇಳಬೇಕು ಅನ್ನುವುದೇ ಕಷ್ಟ. 2023ರಲ್ಲಿ ಶಿವಮೊಗ್ಗದ ನಮ್ಮ ಬಡಾವಣೆಯಲ್ಲಿ ಒಬ್ಬರ ಮನೆ ತಾರಸಿ ಮೇಲೆ ಮೊಬೈಲ್ ಟವರ್ ಬರುತ್ತದೆ ಅಂತ ಗೊತ್ತಾದಾಗ ನಾನು ನಿವಾಸಿಗಳ ಸಂಘದ ಕಾರ್ಯದರ್ಶಿಯಾಗಿದ್ದೆ. ಕಸುಬಿನಲ್ಲಿ ಸಿವಿಲ್ ಕಂಟ್ರಾಕ್ಟರ್. ಎಲ್ಲರಿಗೂ ಸಮಾಧಾನ ಆಯಿತು ಅಂತ ಹೇಳಲಾರೆ. ಆದರೆ ಮಾತು ಬಿಟ್ಟಿದ್ದ ಮನೆಗಳು ಮಾತಾಡುವ ಮಟ್ಟಕ್ಕಂತೂ ಬಂದವು.

ನನಗೆ ಮೊದಲಿನಿಂದಲೂ ಒಂದು ಮುಜುಗರ ಇತ್ತು. ನನ್ನ ತಾಯಿಯ ಊರು ಹೊಸನಗರ ತಾಲ್ಲೂಕಿನಲ್ಲಿ. 2020ರಲ್ಲಿ ಶಾಲೆ ಮುಚ್ಚಿ ಆನ್‌ಲೈನ್ ಕ್ಲಾಸ್ ಶುರುವಾದಾಗ ಆ ಕಡೆ ಮಕ್ಕಳು ಮಳೆಯಲ್ಲಿ ಛತ್ರಿ ಹಿಡಿದು ಸಿಗ್ನಲ್ ಹುಡುಕಿ ಗುಡ್ಡ ಹತ್ತುತ್ತಿದ್ದರು. ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಅಂತ ಮಲೆನಾಡಿನ ಎಷ್ಟೋ ಹಳ್ಳಿಗಳಲ್ಲಿ ಅಭಿಯಾನವೇ ನಡೆಯಿತು. ಅಲ್ಲಿ ನನ್ನ ಸೋದರಮಾವನ ಮಕ್ಕಳು ಟವರ್ ಕೊಡಿ ಅಂತ ಅರ್ಜಿ ಬರೆಯುತ್ತಿದ್ದರೆ ಇಲ್ಲಿ ನಾನು ಬೇಡ ಅಂತ ಬರೆಯಬೇಕು. ನಮ್ಮ ಬೀದಿಯವರೂ ಮನೆಯೊಳಗೆ ಸಿಗ್ನಲ್ ಸಿಗಲ್ಲ ಅಂತ ಬೈದುಕೊಂಡು ಗೇಟಿನ ಹತ್ತಿರ ನಿಂತು ಫೋನ್ ಮಾಡುವವರೇ. ಟವರ್ ಬೇಕು, ಆದರೆ ಮುಂದಿನ ಬೀದಿಯಲ್ಲಿ ಇರಲಿ. ಮುಂದಿನ ಬೀದಿಯವರೂ ಹಾಗೇ ಅಂತಾರೆ ಅಲ್ವಾ?

ಮೊದಲ ಸಭೆ ಗಣಪತಿ ದೇವಸ್ಥಾನದ ಹಾಲಿನಲ್ಲಿ ನಡೆಯಿತು. ಕ್ಯಾನ್ಸರ್ ಬರುತ್ತೆ, ಗುಬ್ಬಚ್ಚಿ ಸಾಯುತ್ತೆ, ಸೈಟ್ ರೇಟ್ ಬೀಳುತ್ತೆ, ಸಿಡಿಲು ಹೊಡೆಯುತ್ತೆ, ಗಾಳಿಗೆ ಬಿದ್ದರೆ ನಮ್ಮ ಮನೆ ಮೇಲೇ ಬೀಳೋದು. ಎಲ್ಲರೂ ಎಲ್ಲವನ್ನೂ ಒಟ್ಟಿಗೇ ಹೇಳುತ್ತಿದ್ದರು. ಮನೆ ಮಾಲೀಕರನ್ನು ಯಾರೂ ಕರೆದಿರಲಿಲ್ಲ. ನಾನು ಮೂರು ಹಾಳೆ ತೆಗೆದುಕೊಂಡೆ. ಒಂದರಲ್ಲಿ ಆರೋಗ್ಯದ ಮಾತು, ಇನ್ನೊಂದರಲ್ಲಿ ಕಟ್ಟಡದ ಮಾತು, ಮೂರನೆಯದರಲ್ಲಿ ಸದ್ದು ಮತ್ತು ಹೊಗೆ. ಯಾರು ಏನೇ ಹೇಳಿದರೂ ಯಾವುದೋ ಒಂದು ಹಾಳೆಗೆ ಬರೆದೆ. ಗುಬ್ಬಚ್ಚಿಯನ್ನು ಮಾತ್ರ ಬರೆಯಲಿಲ್ಲ. ಹೆಂಚಿನ ಮನೆ ಕೆಡವಿ, ಅಂಗಳಕ್ಕೆ ಕಾಂಕ್ರೀಟ್ ಹಾಕಿ, ಅಕ್ಕಿ ಕೇರುವುದನ್ನೂ ಬಿಟ್ಟ ಬೀದಿಯಲ್ಲಿ ಗುಬ್ಬಿ ಯಾಕಿಲ್ಲ ಅಂತ ಟವರನ್ನು ಕೇಳೋದು ನನಗೆ ಸರಿ ಕಾಣಲಿಲ್ಲ.

ಇನ್ನೊಂದು ಮಾತು ಯಾವ ಹಾಳೆಗೂ ಹೊಂದಲಿಲ್ಲ. ಸಭೆ ಮುಗಿದು ಚಪ್ಪಲಿ ಹಾಕಿಕೊಳ್ಳುವಾಗ ಎದುರು ಮನೆ ಅಕ್ಕ ಅಂದರು: “ಬಾಡಿಗೆ ಅವರಿಗೆ, ಭಯ ನಮಗೆ. ಇದ್ಯಾವ ನ್ಯಾಯ ಹೇಳಿ?” ಹೊಟ್ಟೆಕಿಚ್ಚು ಅಂತ ಕೆಲವರು ನಕ್ಕರು. ನನಗೆ ಹಾಗನ್ನಿಸಲಿಲ್ಲ. ಅಲ್ಲಿ ಎರಡು ಗಂಟೆ ಆಡಿದ ಎಲ್ಲ ಮಾತಿನ ಬೇರು ಅದೇ ಅಂತ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಯಾರನ್ನೂ ಒಂದು ಮಾತು ಕೇಳದೆ ರಾತ್ರಿ ಲಾರಿಯಲ್ಲಿ ಟವರಿನ ಕಬ್ಬಿಣದ ಆಂಗಲ್ ಇಳಿಸಿದ್ದಕ್ಕೆ ಜನರಿಗೆ ಸಿಟ್ಟು ಬಂದಿತ್ತು. ಆ ಸಿಟ್ಟನ್ನು ಹೇಳಿಕೊಳ್ಳಲು ಸಿಕ್ಕಿದ ಮಾತು ರೇಡಿಯೇಷನ್.

ಹಾಗಂತ ಆರೋಗ್ಯದ ಹಾಳೆಯನ್ನು ತಳ್ಳಿಹಾಕುವಂತಿರಲಿಲ್ಲ. ನಾನು ಓದಿ ತಿಳಿದುಕೊಂಡಿದ್ದು ಇಷ್ಟು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರಲ್ಲಿ ರೇಡಿಯೋ ಅಲೆಗಳನ್ನು ‘2ಬಿ’ ಗುಂಪಿಗೆ ಸೇರಿಸಿತು. ಅಂದರೆ ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು, ಸಾಕಷ್ಟು ಪುರಾವೆ ಇಲ್ಲ ಅಂತ. ಅದಕ್ಕೆ ಮುಖ್ಯ ಆಧಾರವೂ ತಲೆಗೆ ಒತ್ತಿ ಗಂಟೆಗಟ್ಟಲೆ ಫೋನ್ ಬಳಸುವವರ ಅಧ್ಯಯನಗಳೇ, ಟವರಿನದ್ದಲ್ಲ. ಲೋಳೆಸರದ ಇಡೀ ಎಲೆಯ ಸಾರವೂ ಆಮೇಲೆ ಅದೇ ಗುಂಪಿಗೆ ಸೇರಿತು. ನಮ್ಮ ದೇಶದ ಮಿತಿ ಅಂತರರಾಷ್ಟ್ರೀಯ ಮಿತಿಗಿಂತ ಬಿಗಿ. 2012ರ ಸೆಪ್ಟೆಂಬರ್ 1ರಿಂದ ಅದನ್ನು ಹತ್ತನೇ ಒಂದು ಭಾಗಕ್ಕೆ ಇಳಿಸಿದರು. 900 ಮೆಗಾಹರ್ಟ್ಸ್ ಆವರ್ತನದ ಮೊಬೈಲ್ ಅಲೆಗೆ ಒಂದು ಚದರ ಮೀಟರ್‌ಗೆ 0.45 ವ್ಯಾಟ್, 1800ಕ್ಕೆ 0.9 ವ್ಯಾಟ್.

ಇದನ್ನೆಲ್ಲ ಸಭೆಯಲ್ಲಿ ಓದಿದರೆ ಯಾರೂ ಕೇಳಲ್ಲ. ಜನ ಕಿವಿಗೊಟ್ಟಿದ್ದು ಬೇರೆ ಮಾತಿಗೆ. ಆಂಟೆನಾ ಅಲೆಯನ್ನು ಮಳೆಯ ಹಾಗೆ ಎಲ್ಲ ಕಡೆ ಸುರಿಯುವುದಿಲ್ಲ. ಉದ್ದನೆಯ ಪ್ಯಾನೆಲ್‌ಗಳು ಸಾಮಾನ್ಯವಾಗಿ ಮೂರು ದಿಕ್ಕಿಗೆ ಮುಖ ಮಾಡಿರುತ್ತವೆ. ಅಲೆ ಮುಂದಕ್ಕೆ, ಸ್ವಲ್ಪವೇ ಕೆಳಕ್ಕೆ ಬಾಗಿ ಹೋಗುತ್ತದೆ. ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ಟವರಿನ ನೇರ ಕೆಳಗಿನ ಮನೆಗೂ ಹಾಗೇ. ಎದೆ ಹೊಡೆದುಕೊಳ್ಳುತ್ತಿದ್ದ ಅಕ್ಕಪಕ್ಕದ ಒಂದಂತಸ್ತಿನ ಮನೆಗಳಿಗಿಂತ, ಆಂಟೆನಾ ಎತ್ತರಕ್ಕೇ ಕಿಟಕಿ ಇರುವ ಎದುರಿನ ಕಟ್ಟಡದವರು ಯೋಚನೆ ಮಾಡಬೇಕು. ಇನ್ನೊಂದು ವಿಷಯ: ಸಿಗ್ನಲ್ ಕಡಿಮೆ ಇದ್ದಷ್ಟೂ ಕಿವಿಗೆ ಹಿಡಿದ ಫೋನ್ ಜಾಸ್ತಿ ಶಕ್ತಿ ಹಾಕಿ ದುಡಿಯುತ್ತದೆ. ಟವರನ್ನು ದೂರ ಓಡಿಸಿದರೆ ಫೋನಿನಿಂದ ತಲೆಗೆ ಬೀಳುವುದು ಕಡಿಮೆಯಾಗಲ್ಲ, ಹೆಚ್ಚಾಗಬಹುದು.

ಅಂಥ ಎದುರಿನ ಕಟ್ಟಡ ನಮ್ಮ ಬೀದಿಯಲ್ಲೇ ಒಂದಿತ್ತು. ಮೂರಂತಸ್ತು, ಮೇಲ್ಮಹಡಿಯಲ್ಲಿ ಕಾಲೇಜು ಹುಡುಗಿಯರ ಪೀಜಿ. ವಿಚಿತ್ರ ಅಂದರೆ ಅಲ್ಲಿಂದ ಒಬ್ಬರೂ ಸಭೆಗೆ ಬಂದಿರಲಿಲ್ಲ, ಬಾಡಿಗೆಯವರನ್ನು ಯಾರು ಕರೆಯುತ್ತಾರೆ? ದೂರಸಂಪರ್ಕ ಇಲಾಖೆ 2013ರಲ್ಲಿ ರಾಜ್ಯಗಳಿಗೆ ಕಳಿಸಿದ ಸಲಹಾ ಮಾರ್ಗಸೂಚಿಯಲ್ಲಿ ಇದಕ್ಕೆ ಲೆಕ್ಕ ಇದೆ. ಒಂದು ದಿಕ್ಕಿಗೆ ಒಂದು ಆಂಟೆನಾ ಇದ್ದರೆ ಅದರ ಎದುರಿಗೇ, ಅಷ್ಟೇ ಎತ್ತರದ ಕಟ್ಟಡ 20 ಮೀಟರ್ ಒಳಗೆ ಇರಬಾರದು. ಎರಡಿದ್ದರೆ 35 ಮೀಟರ್, ನಾಲ್ಕಿದ್ದರೆ 45. ನಾನು ಟೇಪ್ ಹಿಡಿದೆ. ಮೂವತ್ತಡಿ ರಸ್ತೆ, ಎರಡೂ ಕಡೆ ಬಿಟ್ಟ ಜಾಗ ಎಲ್ಲ ಸೇರಿಸಿದರೂ 20 ಮೀಟರ್ ಮುಟ್ಟಲಿಲ್ಲ. ಇದು ಕೈಗೆ ಸಿಕ್ಕಿದ ಗಟ್ಟಿ ಮಾತು.

ಇನ್ನು ನನ್ನ ಕಸುಬಿನ ಹಾಳೆ. 2022ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ನಿಯಮ ಬದಲಿಸಿತ್ತು. ಖಾಸಗಿ ಕಟ್ಟಡದ ಮೇಲೆ ಟವರ್ ಹಾಕಲು ಸ್ಥಳೀಯ ಸಂಸ್ಥೆಯ ಅನುಮತಿ ಬೇಕಿಲ್ಲ, ಮುಂಚಿತವಾಗಿ ಲಿಖಿತ ಮಾಹಿತಿ ಕೊಟ್ಟರೆ ಸಾಕು. ಹಾಗಾಗಿ ‘ಪಾಲಿಕೆ ಪರ್ಮಿಷನ್ ಎಲ್ಲಿ?’ ಅಂತ ಕೂಗಿ ಪ್ರಯೋಜನ ಇರಲಿಲ್ಲ. ಆದರೆ ಆ ಮಾಹಿತಿಯ ಜೊತೆ ಕಟ್ಟಡ ಭಾರ ತಡೆಯುತ್ತದೆ ಅಂತ ಸ್ಟ್ರಕ್ಚರಲ್ ಎಂಜಿನಿಯರ್ ಪ್ರಮಾಣಪತ್ರ ಇರಬೇಕು. ಅದರ ಪ್ರತಿ ತೋರಿಸಿ ಅಂತ ನಾವು ಕೇಳಿದೆವು. (2025ರ ಜನವರಿ 1ರಿಂದ ಹೊಸ ದೂರಸಂಪರ್ಕ ಕಾಯ್ದೆಯ ಅಡಿ ಬೇರೆ ನಿಯಮಗಳು ಬಂದಿವೆ. ಈಗ ಹೊರಡುವವರು ಅದನ್ನು ಓದಿಕೊಂಡೇ ಹೊರಡಿ.)

ಮನೆ ಮಾಲೀಕರ ಹತ್ತಿರ ಹೋಗಲು ಸಂಘದವರು ಯಾರೂ ಒಪ್ಪಲಿಲ್ಲ. ನಾನೊಬ್ಬನೇ ಹೋದೆ. ನಿವೃತ್ತ ಹೈಸ್ಕೂಲ್ ಮೇಷ್ಟ್ರು, ನನಗಿಂತ ಹಿರಿಯರು. ಕಾಫಿ ಬಂತು, ಮಾತು ಬರಲಿಲ್ಲ. ಕೊನೆಗೆ ನಾನೇ ಅಂದೆ: “ಮೇಷ್ಟ್ರೇ, ಜಗಳಕ್ಕೆ ಬಂದಿಲ್ಲ. ತಾರಸಿ ಒಂದು ಸಲ ನೋಡ್ಬಹುದಾ?”

“ನೋಡಿ. ನೀವಾದ್ರೂ ಕೇಳಿದ್ರಲ್ಲ. ಉಳಿದೋರು ವಾಟ್ಸಾಪಲ್ಲಿ ನನ್ನನ್ನ ಕೊಲೆಗಾರ ಅಂತಿದಾರೆ.”

ತಾರಸಿಗೆ ಹೋದಾಗ ಕಂಬದ ಕಾಲಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದರು. ನಾಲ್ಕರಲ್ಲಿ ಎರಡು ಗುರುತು ಸ್ಲ್ಯಾಬಿನ ನಡುವೆ ಬಿದ್ದಿದ್ದವು, ಕೆಳಗೆ ಕಾಲಂ ಇಲ್ಲ, ಬೀಮೂ ಇಲ್ಲ. ಈ ಮನೆ ಕಟ್ಟಿದ ಮೇಸ್ತ್ರಿ ನನಗೆ ಗೊತ್ತು. ನೆಲಮಹಡಿ ಹಳೆಯದು, ಗೋಡೆಯ ಮೇಲೇ ನಿಂತದ್ದು. ಮೇಲಿನ ಮಹಡಿ ಆಮೇಲೆ ಕಾಲಂ ಎತ್ತಿ ಕಟ್ಟಿದ್ದು. ಇಂಥ ಕಡೆ ಟವರಿನ ಕಾಲು ಕಾಲಂ ತಲೆಯ ಮೇಲೇ ಕೂರಬೇಕು, ಇಲ್ಲ ಅಂದರೆ ಕಾಲಂನಿಂದ ಕಾಲಂಗೆ ಉಕ್ಕಿನ ತೊಲೆ ಹಾಕಿ ಅದರ ಮೇಲೆ ನಿಲ್ಲಿಸಬೇಕು. ಸ್ಲ್ಯಾಬಿಗೆ ತೂತು ಕೊರೆದು ಬೋಲ್ಟ್ ಬಿಗಿದರೆ ನಮ್ಮ ಮಲೆನಾಡಿನ ಮಳೆಗೆ ಮೊದಲ ವರ್ಷವೇ ಸೋರುತ್ತದೆ. ನೀರು ಕಂಬಿಗೆ ಇಳಿದು ತುಕ್ಕು ಹಿಡಿದರೆ ಸಿಮೆಂಟ್ ಕಿತ್ತು ಬೀಳುತ್ತದೆ. ಅದನ್ನು ಮೇಷ್ಟ್ರಿಗೆ ತೋರಿಸಿದೆ. ಕರಾರು ಪತ್ರ ತರಿಸಿದೆ. ಸೋರಿಕೆ ಬಂದರೆ ರಿಪೇರಿ ಯಾರದು, ಕರಾರು ಮುಗಿದ ಮೇಲೆ ಕಿತ್ತುಕೊಂಡು ಹೋಗುವ ಖರ್ಚು ಯಾರದು ಅಂತ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಮೇಷ್ಟ್ರ ಮುಖ ಆಗ ಬದಲಾಯಿತು. ಅಲ್ಲಿಂದ ಮುಂದೆ ಅವರು ನಮ್ಮ ಎದುರಾಳಿ ಆಗಿರಲಿಲ್ಲ, ನಮ್ಮ ಜೊತೆ ಕೂತು ಕಂಪನಿಯವರಿಗೆ ಪ್ರಶ್ನೆ ಕೇಳುವವರಾದರು.

ಬಾಡಿಗೆ ಎಷ್ಟು ಅಂತ ನಾನು ಕೇಳಲಿಲ್ಲ, ಅವರೇ ಹೇಳಿದರು. ಬೀದಿಯಲ್ಲಿ ಓಡಾಡುತ್ತಿದ್ದ ಮೊತ್ತದ ಅರ್ಧವೂ ಇರಲಿಲ್ಲ.

ಎರಡನೇ ಸಭೆಗೆ ಮೇಷ್ಟ್ರೂ ಬಂದರು, ಪೀಜಿಯ ಇಬ್ಬರು ಹುಡುಗಿಯರೂ ಬಂದರು, ಕಂಪನಿ ಕಡೆಯ ಒಬ್ಬ ಹುಡುಗನೂ ಬಂದ. ಪಾಪ, ಜಾಗ ಹುಡುಕಿ ಸಹಿ ಹಾಕಿಸುವುದಷ್ಟೇ ಅವನ ಕೆಲಸ. ರೇಡಿಯೇಷನ್ ಬಗ್ಗೆ ಕೇಳಿದರೆ ಅವನ ಹತ್ತಿರ ಉತ್ತರ ಎಲ್ಲಿಂದ ಬರಬೇಕು? ಅದಕ್ಕೇ ಅವನಿಗೆ ಬೈಯೋದು ಬೇಡ, ಮೇಲಿನವರಿಗೆ ಕೊಡಲು ಪತ್ರ ಕೊಡೋಣ ಅಂತ ಮೊದಲೇ ಮಾತಾಡಿಕೊಂಡಿದ್ದೆವು. ಪತ್ರದಲ್ಲಿ ‘ಟವರ್ ಬೇಡ’ ಅನ್ನುವ ಸಾಲು ಇರಲಿಲ್ಲ. ಇದಕ್ಕೆ ಸಂಘದಲ್ಲಿ ದೊಡ್ಡ ರಂಪ ಆಯಿತು, ಇಬ್ಬರು ಗುಂಪು ಬಿಟ್ಟು ಹೋದರು. ಬೇಡ ಅಂತ ಬರೆದರೆ ಉತ್ತರ ಕೊಡುವ ಅಗತ್ಯವೇ ಅವರಿಗೆ ಇರಲ್ಲ, ಹೀಗೆ ಮಾಡಿ ಅಂತ ಬರೆದರೆ ಮಾಡುತ್ತೇವೆ ಅಥವಾ ಮಾಡಲ್ಲ ಅಂತ ಹೇಳಲೇಬೇಕು ಅನ್ನುವುದು ನನ್ನ ವಾದ.

ನಾವು ಕೇಳಿದ್ದು ಕಡಿಮೆ. ಕಂಬವನ್ನು ರಸ್ತೆ ಕಡೆಯಿಂದ ತಾರಸಿಯ ಹಿಂದಿನ ಮೂಲೆಗೆ ಒಯ್ಯಿರಿ. ಆಂಟೆನಾ ಎತ್ತರಿಸಿ, ಪೀಜಿ ಕಿಟಕಿಯ ನೇರಕ್ಕೆ ಯಾವ ಪ್ಯಾನೆಲ್ಲೂ ಮುಖ ಮಾಡಬಾರದು. ಕಾಲು ಕಾಲಂ ಮೇಲೆ ಕೂರಲಿ, ಹೊಸ ನಕ್ಷೆಗೆ ಹೊಸ ಪ್ರಮಾಣಪತ್ರ ತನ್ನಿ. ಸಿಡಿಲು ತಡೆಗೆ ಸರಿಯಾದ ಅರ್ಥಿಂಗ್ ಕೊಡಿ. ಡೀಸೆಲ್ ಜನರೇಟರ್ ಬೇಡ, ಬ್ಯಾಟರಿ ಮಾತ್ರ. ಜನರೇಟರ್ ವಿಷಯದಲ್ಲಿ ನಮ್ಮ ಕೈ ಬಲವಾಗಿತ್ತು. ಶಬ್ದ ಮಾಲಿನ್ಯದ 2000ದ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ಜನರೇಟರನ್ನು ಯಾವ ಡಬ್ಬಿಯೊಳಗೆ ಇಟ್ಟರೂ ಮೂವತ್ತಡಿ ರಸ್ತೆಯಲ್ಲಿ ರಾತ್ರಿ 45ಕ್ಕೆ ಇಳಿಸುವುದು ಸುಲಭ ಅಲ್ಲ.

ಉತ್ತರಕ್ಕೆ ಬಹಳ ಕಾಯಿಸಿದರು. ಮೇಷ್ಟ್ರು ಹೊಸ ಕರಾರಿಗೆ ಸಹಿ ಹಾಕಲ್ಲ ಅಂತ ಕೂತದ್ದು ನಿಜವಾಗಿ ಕೆಲಸ ಮಾಡಿತು. ನಮ್ಮ ಪತ್ರಕ್ಕಿಂತ ಅವರ ಸಹಿಗೆ ಬೆಲೆ ಜಾಸ್ತಿ ಇತ್ತು. ಕೊನೆಗೆ ಅರ್ಥಿಂಗ್, ಬ್ಯಾಟರಿ, ಕಾಲು, ಮೂಲೆ ಎಲ್ಲ ಒಪ್ಪಿದರು. ಎತ್ತರ ನಾವು ಕೇಳಿದಷ್ಟು ಕೊಡಲಿಲ್ಲ, ಆದರೆ ಪ್ಯಾನೆಲ್‌ಗಳ ದಿಕ್ಕು ತಿರುಗಿಸಿದರು.

ಟವರ್ ಚಾಲೂ ಆದ ಮೇಲೆ ಅಳತೆ ಮಾಡಿಸಿದೆವು. ತರಂಗ್ ಸಂಚಾರ್ ಅಂತ ಸರ್ಕಾರದ ಪೋರ್ಟಲ್ 2017ರಿಂದ ಇದೆ. ನಿಮ್ಮ ಮನೆ ಸುತ್ತ ಯಾವ ಟವರ್ ಇದೆ, ಮಿತಿ ಪಾಲಿಸುತ್ತಿದೆಯಾ ಅಂತ ಅದರಲ್ಲೇ ನೋಡಬಹುದು. 4000 ರೂಪಾಯಿ ಕಟ್ಟಿದರೆ ದೂರಸಂಪರ್ಕ ಇಲಾಖೆಯವರೇ ಬಂದು ಅಳೆದು ವರದಿ ಕೊಡುತ್ತಾರೆ. ಮಿತಿ ಮೀರಿದ ಟವರಿಗೆ ಕಂಪನಿ 10 ಲಕ್ಷ ರೂಪಾಯಿವರೆಗೂ ದಂಡ ಕಟ್ಟಬೇಕಾಗುತ್ತದೆ. ನಾವು ಮನೆಮನೆಗೆ ಹಂಚಿಕೊಂಡು ಹಣ ಕಟ್ಟಿದೆವು. ಮೇಷ್ಟ್ರು ಎರಡು ಮನೆಯ ಪಾಲು ಕೊಟ್ಟರು.

ಅಳೆಯುವವರು ಮೂರು ಕಾಲಿನ ಸ್ಟ್ಯಾಂಡ್ ಮೇಲೆ ಮೀಟರ್ ಇಟ್ಟರು. ಮೀಟರಿನ ತುದಿಯಲ್ಲಿ ಚೆಂಡಿನಂಥ ಪ್ರೋಬ್. ಪ್ರತಿ ಜಾಗದಲ್ಲೂ ಕೆಲವು ನಿಮಿಷ ಕಾದು ಸರಾಸರಿ ತೆಗೆಯುತ್ತಿದ್ದರು. ಎಲ್ಲಿ ಅಳೆಯಬೇಕು ಅಂತ ನಾವೇ ತೋರಿಸಿದೆವು: ಎದುರು ಮನೆ ಅಕ್ಕನ ಮಲಗುವ ಕೋಣೆ, ಪೀಜಿಯ ಮೇಲ್ಮಹಡಿ ಕಿಟಕಿ, ಅದರ ತಾರಸಿ, ಅಂಗನವಾಡಿ ಬಾಗಿಲು. ಅತಿ ಹೆಚ್ಚು ಬಂದದ್ದು ಪೀಜಿ ತಾರಸಿಯಲ್ಲಿ, ಅದೂ ಮಿತಿಗಿಂತ ಎಷ್ಟೋ ಕೆಳಗೆ. ಅಕ್ಕನ ಕೋಣೆಯಲ್ಲಿ ಮೀಟರ್ ಹೆಚ್ಚುಕಮ್ಮಿ ಸುಮ್ನೆ ಕೂತಿತ್ತು. ಅಕ್ಕ ಪ್ರೋಬ್ ಪಕ್ಕ ತಮ್ಮ ಮೊಬೈಲ್ ಹಿಡಿದು ಮಗಳಿಗೆ ಫೋನ್ ಮಾಡಿದರು, ಸಂಖ್ಯೆ ಥಟ್ಟನೆ ಏರಿತು. “ಇದೇನ್ರೀ ಇದು!” ಅಂದರು. ಅಳೆಯುವವರು ನಕ್ಕರು, ಆಮೇಲೆ ಮತ್ತೊಮ್ಮೆ ಮೊದಲಿಂದ ಅಳೆಯಬೇಕಾಯಿತು.

ಇದಾದ ಮೇಲೂ ಒಪ್ಪದವರು ಇದ್ದಾರೆ. ನಮ್ಮ ಬೀದಿಯ ಒಂದು ಮನೆಯಲ್ಲಿ ಹಿಂದೆ ಕ್ಯಾನ್ಸರಿನಲ್ಲಿ ಒಬ್ಬರು ತೀರಿಹೋಗಿದ್ದರು. ಅವರ ಮುಂದೆ ವರದಿ ಇಟ್ಟು ವಾದ ಮಾಡುವುದು ನನ್ನಿಂದ ಆಗಲಿಲ್ಲ. ಮಲಗುವ ಕೋಣೆಯನ್ನು ಹಿಂದಕ್ಕೆ ಮಾಡಿಕೊಂಡರು, ಕಿಟಕಿಗೆ ಜಾಗ ಕೊರೆಸಿಕೊಡುವ ಕೆಲಸ ನಾನೇ ಮಾಡಿಕೊಟ್ಟೆ. ನ್ಯಾಯಾಲಯಗಳೂ ಒಂದೇ ಥರ ಹೇಳಿಲ್ಲ. 2012ರಲ್ಲಿ ರಾಜಸ್ಥಾನ ಹೈಕೋರ್ಟ್ ಶಾಲೆ, ಆಸ್ಪತ್ರೆಗಳ ಹತ್ತಿರದ ಟವರ್ ತೆಗೆಯಿರಿ ಅಂದಿತ್ತು. ಹಾನಿಗೆ ವೈಜ್ಞಾನಿಕ ಪುರಾವೆ ಇಲ್ಲ ಅಂತ ಕೇರಳ ಹೈಕೋರ್ಟ್ ಹೇಳಿತ್ತು.

ಈಗ ಉಳಿದಿರುವ ತಕರಾರು ಒಂದೇ, ತಾರಸಿಯ ಉಪಕರಣದ ಪೆಟ್ಟಿಗೆಯ ಫ್ಯಾನ್. ಬೇಸಿಗೆಯಲ್ಲಿ ರಾತ್ರಿಯೆಲ್ಲ ಗುಂಯ್ ಅನ್ನುತ್ತದೆ. ಕಂಪನಿಯ ದೂರು ಸಂಖ್ಯೆಯನ್ನು ಗೇಟಿಗೆ ಅಂಟಿಸಬೇಕು ಅಂತ ಕರಾರಿಗೆ ಸೇರಿಸಿದ್ದೆವು, ಹಾಗಾಗಿ ಯಾರು ಬೇಕಾದರೂ ಫೋನ್ ಮಾಡುತ್ತಾರೆ. ಮೆಕ್ಯಾನಿಕ್ ಬಂದು ಬೇರಿಂಗ್ ಬದಲಿಸುತ್ತಾನೆ, ಕೆಲವು ತಿಂಗಳು ತೆಪ್ಪಗಿರುತ್ತದೆ. ಅತಿ ಹೆಚ್ಚು ಫೋನ್ ಮಾಡುವವರು ಮೇಷ್ಟ್ರೇ.