ಎಸೆಯುತ್ತಿದ್ದ ಕೋಶಗಳಲ್ಲಿ ಸಿಕ್ಕ ಸುಳಿವು

ಐವಿಎಫ್ ಲ್ಯಾಬ್‌ನಲ್ಲಿ ಫಲೀಕರಣವಾದ ಐದನೇ ದಿನದ ಬೆಳಿಗ್ಗೆ ನನಗೆ ಯಾವಾಗಲೂ ಕಷ್ಟ. ಎರಡು ಭ್ರೂಣ, ಎರಡಕ್ಕೂ 4ಎಬಿ ಗ್ರೇಡ್, ಅಂದರೆ ಕಣ್ಣಿಗೆ ಕಾಣುವ ರೂಪಕ್ಕೆ ಕೊಡುವ ಅಂಕ ಒಂದೇ. ಯಾವುದನ್ನು ಮೊದಲು ಗರ್ಭಕೋಶಕ್ಕೆ ಸೇರಿಸುವುದು? ಎಷ್ಟು ಹೊತ್ತು ನೋಡಿದರೂ ಮೈಕ್ರೋಸ್ಕೋಪ್ ಇದಕ್ಕೆ ಉತ್ತರ ಕೊಡುವುದಿಲ್ಲ.

ಅದಕ್ಕೇ ಕ್ಯುಮುಲಸ್ ಕೋಶಗಳ ಹಿಂದೆ ಬಿದ್ದೆ. ಅಂಡಾಣುವನ್ನು ಮೋಡದ ಹಾಗೆ ಸುತ್ತಿಕೊಂಡು ಅದನ್ನು ಸಾಕುವ ಕೋಶಗಳಿವು. ಇಕ್ಸಿ (ಅಂಡಾಣುವಿನೊಳಗೆ ಒಂದು ವೀರ್ಯಾಣುವನ್ನು ಚುಚ್ಚಿ ಸೇರಿಸುವುದು) ಮಾಡುವ ಮೊದಲು ಹಯಾಲುರೊನಿಡೇಸ್ ಎಂಬ ಕಿಣ್ವ ಹಾಕಿ ಬಿಡಿಸಿ, ಸುಮ್ನೆ ಎಸೆಯುತ್ತಿದ್ದೆವು. ಆದರೆ ಅಂಡಾಣು ಕಳಿಸುವ ಸಂಕೇತಕ್ಕೆ ತಕ್ಕಂತೆ ಇವುಗಳಲ್ಲಿ ಎಚ್‌ಎಎಸ್2, ಪಿಟಿಜಿಎಸ್2, ಗ್ರೆಮ್1 ಎಂಬ ಜೀನ್‌ಗಳ ಚಟುವಟಿಕೆ ಏರುತ್ತದೆ. ಒಳ್ಳೆಯ ಭ್ರೂಣಗಳಾದ ಅಂಡಾಣುಗಳ ಸುತ್ತ ಈ ಚಟುವಟಿಕೆ ಜಾಸ್ತಿ ಇತ್ತು ಎಂದು 2004ರಲ್ಲೇ ಒಂದು ಅಧ್ಯಯನ ಹೇಳಿತ್ತು. ಕ್ಯುಮುಲಸ್ ಕೋಶಗಳು ತಾಯಿಯವು. ಭ್ರೂಣವನ್ನು ಮುಟ್ಟುವ ಪ್ರಶ್ನೆಯೇ ಇಲ್ಲ. ನನಗೆ ಹಿಡಿಸಿದ್ದು ಇದೇ.

ಅಧ್ಯಯನವಾಗಿ, ದಂಪತಿಗಳ ಒಪ್ಪಿಗೆ ಪಡೆದು ಶುರು ಮಾಡಿದೆವು. ಜೀನ್ ಚಟುವಟಿಕೆ ಅಳೆಯುವ ಪಿಸಿಆರ್ ಪರೀಕ್ಷೆ ಕಷ್ಟ ಆಗುತ್ತೆ ಅಂದುಕೊಂಡಿದ್ದೆ. ನಿಜವಾದ ಕಷ್ಟ ಇದ್ದದ್ದು ಗುರುತು ಇಟ್ಟುಕೊಳ್ಳುವುದರಲ್ಲಿ. ಎಲ್ಲ ಅಂಡಾಣುಗಳನ್ನೂ ಒಟ್ಟಿಗೆ ಬಿಡಿಸಿಯೇ ನಮಗೆ ಅಭ್ಯಾಸ. ಈಗ ಒಂದೊಂದಕ್ಕೂ ಬೇರೆ ಹನಿ, ಬೇರೆ ಪಿಪೆಟ್ ತುದಿ, ಬೇರೆ ಟ್ಯೂಬ್. ಐದನೇ ದಿನದವರೆಗೂ ಒಂಟಿಯಾಗಿಯೇ ಬೆಳೆಸಬೇಕು. ಒಮ್ಮೆ ದ್ರವ ಸಾರಜನಕದಿಂದ ತೆಗೆದಾಗ ಎರಡು ಟ್ಯೂಬ್‌ಗಳ ಮೇಲೆ ಪೆನ್ನಿನಲ್ಲಿ ಬರೆದಿದ್ದ ಸಂಖ್ಯೆ ಅಳಿಸಿಹೋಗಿತ್ತು. ಊಹೆ ಮಾಡುವ ಹಾಗಿಲ್ಲ. ಆ ದಂಪತಿಯ ಅಷ್ಟೂ ಫಲಿತಾಂಶ ಕೈಬಿಟ್ಟೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮಾರನೇ ದಿನದಿಂದ ಚಳಿಗೆ ಕಿತ್ತುಬಾರದ ಲೇಬಲ್, ಜೊತೆಗೆ ಇನ್ನೊಬ್ಬರ ಸಾಕ್ಷಿ ಸಹಿ.

ಪಿಸಿಆರ್‌ನಲ್ಲಿ ಅಳೆಯುವುದು ಜೀನ್‌ಗಳ ಪ್ರತಿಯಾದ ಆರ್‌ಎನ್‌ಎಯನ್ನು. ಅದು ಬೇಗ ಹಾಳಾಗುತ್ತದೆ. ಬೆರಳ ಚರ್ಮದಲ್ಲಿರುವ ಕಿಣ್ವವೇ ಸಾಕು. ಕೋಶಗಳನ್ನು ಒಮ್ಮೆ ತೊಳೆದು, ತಡಮಾಡದೆ ಕೋಶ ಒಡೆಯುವ ಲೈಸಿಸ್ ದ್ರಾವಣಕ್ಕೆ ಹಾಕಿ, ಮೈನಸ್ 80 ಡಿಗ್ರಿಗೆ ಇಡುವುದನ್ನು ರೂಢಿ ಮಾಡಿಕೊಂಡ ಮೇಲೆ ಅಂಕಿಗಳು ನಂಬುವ ಹಾಗಾದವು.

ಒಬ್ಬ ಮಹಿಳೆಯ 3 ಮತ್ತು 7ನೇ ಅಂಡಾಣುಗಳಿಂದ ಒಂದೇ ಗ್ರೇಡಿನ ಭ್ರೂಣಗಳಾಗಿದ್ದವು. 7ರ ಕ್ಯುಮುಲಸ್ ಕೋಶಗಳಲ್ಲಿ ಎಚ್‌ಎಎಸ್2 ಎರಡು ಪಿಸಿಆರ್ ಸೈಕಲ್ ಮೊದಲೇ ಕಾಣಿಸಿಕೊಂಡಿತು. ಪ್ರತಿ ಸೈಕಲ್‌ಗೂ ಪ್ರತಿಗಳು ದುಪ್ಪಟ್ಟಾಗುವುದರಿಂದ, ಹೆಚ್ಚುಕಡಿಮೆ ನಾಲ್ಕು ಪಟ್ಟು ಜಾಸ್ತಿ. ನಾನು ಹೋಲಿಸುವುದು ಒಬ್ಬರದೇ ಅಂಡಾಣುಗಳ ನಡುವೆ ಮಾತ್ರ. ವಯಸ್ಸು, ಕೊಟ್ಟ ಔಷಧಿ ಬದಲಾದರೆ ಅಂಕಿಯೂ ಬದಲಾಗುತ್ತೆ ಅಲ್ವಾ?

ಕ್ರೋಮೋಸೋಮ್ ಸರಿ ಇದೆಯೇ ಎಂದು ಇದರಿಂದ ತಿಳಿಯುವುದಿಲ್ಲ. ತಂದೆಯ ಪಾಲಿನ ಬಗ್ಗೆಯೂ ಏನೂ ಗೊತ್ತಾಗುವುದಿಲ್ಲ. ಬೇರೆ ಬೇರೆ ಲ್ಯಾಬ್‌ಗಳ ಫಲಿತಾಂಶ ಒಂದೇ ಥರ ಬಂದಿಲ್ಲ. ಹಾಗಾಗಿ ಗ್ರೇಡ್ ಸಮವಾದಾಗ ಮಾತ್ರ ನಾನು ಈ ಅಂಕಿಗಳನ್ನು ತೆಗೆದು ನೋಡುವುದು. ಇದನ್ನು ದಂಪತಿಗಳಿಗೆ ಮೊದಲೇ ಬಿಡಿಸಿ ಹೇಳುತ್ತೇನೆ.

ಅವತ್ತು 7ನ್ನು ಮೊದಲು ಸೇರಿಸಿದೆವು. "ಹಾಗಾದ್ರೆ 3 ಚೆನ್ನಾಗಿಲ್ವಾ ಮೇಡಂ?" ಎಂದು ಆಕೆ ಕೇಳಿದರು. "ಚೆನ್ನಾಗಿದೆ. ಅದರ ಸರದಿ ಆಮೇಲೆ ಅಷ್ಟೇ," ಎಂದೆ. ಮೈನಸ್ 196 ಡಿಗ್ರಿಯ ಟ್ಯಾಂಕಿಗೆ ಅದನ್ನು ಇಳಿಸುವ ಮೊದಲು ಲೇಬಲ್ಲನ್ನು ಎರಡು ಸಲ ಓದಿದೆ.